ಆನ್‌ಲೈನ್ ಮದ್ರಸ: ಮಗುವಿನ ಸಬಕ್ ಕೇಳುವವರು ಯಾರು?

ಬೆಳಿಗ್ಗೆ ಏಳಕ್ಕೆ ಮದ್ರಸ, ಅಲ್ಲಿಂದ ಓಡಿ ಬಂದು ತಿಂಡಿ ತಿಂದು ಶಾಲೆಯ ವ್ಯಾನು. ಶಿರೂರಿನಿಂದ ಬ್ರಹ್ಮಾವರದವರೆಗೆ ಹೆದ್ದಾರಿಯ ಆಚೀಚೆ ಇರುವ ಮುಸ್ಲಿಂ ಮನೆಗಳ ಮಕ್ಕಳಿಗೆ ದಿನ ಶುರುವಾಗುವುದು ಹೀಗೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಮದ್ರಸಗಳಿಗೆ ಬೀಗ ಬಿದ್ದಾಗ ಈ ಕ್ರಮ ತಪ್ಪಿತು. ಕರ್ನಾಟಕದಲ್ಲಿ ಒಂದರಿಂದ ಐದನೇ ತರಗತಿಯ ಮಕ್ಕಳು ಶಾಲೆಗೆ ಮರಳಿದ್ದು 2021ರ ಅಕ್ಟೋಬರ್ 25ರಂದು. ಅಷ್ಟರಲ್ಲಿ ಒಂದೂವರೆ ವರ್ಷ ಕಳೆದಿತ್ತು. ಅರಬಿ ಅಕ್ಷರ ಕಲಿಸುವ ಕಾಯಿದಾ ಹಿಡಿಯಬೇಕಾದ ವಯಸ್ಸಿನ ಮಕ್ಕಳು ಮೊಬೈಲ್ ಹಿಡಿದು ಕೂತಿದ್ದರು.

ಧಾರ್ಮಿಕ ಶಿಕ್ಷಣ ಫೋನಿಗೆ ಬಂದದ್ದು ಆಗಲೇ. 1951ರಲ್ಲಿ ಶುರುವಾದ ಸಮಸ್ತ ಕೇರಳ ಇಸ್ಲಾಂ ಮತ ವಿದ್ಯಾಭ್ಯಾಸ ಬೋರ್ಡ್, 2020ರ ರಂಝಾನ್ ಮುಗಿದು ಜೂನ್ ಬರುತ್ತಿದ್ದಂತೆ ಯೂಟ್ಯೂಬ್‌ನಲ್ಲಿ ಪಾಠ ಆರಂಭಿಸಿತು. ಈ ಬೋರ್ಡಿನ ಪಠ್ಯ ಕರಾವಳಿಯ ಬಹಳಷ್ಟು ಬ್ಯಾರಿ ಮದ್ರಸಗಳಲ್ಲಿ ನಡೆಯುತ್ತದೆ. ಉರ್ದು ಮತ್ತು ನವಾಯತಿ ಮಾತಾಡುವ ಊರುಗಳಲ್ಲಿ ಮೌಲಾನಾಗಳು ವಾಟ್ಸಾಪ್ ಗುಂಪು ಮಾಡಿ, ಮಕ್ಕಳು ಓದಿದ್ದನ್ನು ರೆಕಾರ್ಡ್ ಮಾಡಿ ಕಳಿಸಲು ಹೇಳಿದರು. ಮದ್ರಸಗಳ ಬಾಗಿಲು ತೆರೆದು ವರ್ಷಗಳಾದರೂ ಫೋನಿನ ಪಾಠ ಹಿಂದೆ ಸರಿಯಲಿಲ್ಲ. ಇಂದು ಹೆತ್ತವರು ಕೇಳುವ ಪ್ರಶ್ನೆ ಬೇರೆ: ‘ಕ್ಲಾಸಿಗೇನೋ ಸೇರಿಸಿದ್ದೇವೆ, ಮಗುವಿಗೆ ಮನಸ್ಸೇ ಇಲ್ಲ. ಏನು ಮಾಡುವುದು?’

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಓದಿದ್ದನ್ನು ದಿನವೂ ಕಿವಿಗೊಟ್ಟು ಕೇಳುವ ಒಬ್ಬರು ಇದ್ದರೆ ಮಗುವಿಗೆ ಮನಸ್ಸು ಬರುತ್ತದೆ. ಆ ಒಬ್ಬರು ಇಲ್ಲದಿದ್ದರೆ ಎಷ್ಟು ಒಳ್ಳೆಯ ಆ್ಯಪ್ ಹಾಕಿಕೊಟ್ಟರೂ ಎರಡು ವಾರಕ್ಕೆ ಮುಗಿಯಿತು. ಮುಂದಿನ ಸಲಹೆಗಳೆಲ್ಲ ಆ ಒಬ್ಬರನ್ನು ಹುಡುಕುವ, ಅವರ ಕೆಲಸ ಹಗುರ ಮಾಡುವ ದಾರಿಗಳು.

ಯಾರಿಗೆ ಬೇಕು

ಗಂಗೊಳ್ಳಿ, ಕಂಡ್ಲೂರು, ಕೋಡಿ, ನಾವುಂದ, ಶಿರೂರಿನಂಥ ಊರುಗಳಲ್ಲಿ ನಡೆದು ಹೋಗುವಷ್ಟು ಹತ್ತಿರ ಮದ್ರಸ ಇದ್ದರೆ ಮಗು ಅಲ್ಲಿಗೇ ಹೋಗಲಿ. ಪಕ್ಕದಲ್ಲಿ ಕೂತ ಗೆಳೆಯ ಕುರ್‌ಆನಿನ ಎರಡನೇ ಪಾರಕ್ಕೆ ಬಂದದ್ದನ್ನು ನೋಡಿ ತಾನೂ ಬರಬೇಕೆಂಬ ಹಟ ಹುಟ್ಟುವುದು ಬೆಂಚಿನ ಮೇಲೆ. ಮೀಲಾದ್ ಕಾರ್ಯಕ್ರಮಕ್ಕೆ ಹಾಡು, ಭಾಷಣ ಕಲಿಯುವ ಸಂಭ್ರಮವೂ ಅಲ್ಲೇ. ನೆಟ್ಟಗೆ ನಡೆಯುವ ಮದ್ರಸವನ್ನು ಬಿಡಿಸಿ ಮಗುವನ್ನು ಪರದೆಯ ಮುಂದೆ ಕೂರಿಸುವುದು ಖಂಡಿತ ನಷ್ಟ.

ಆದರೆ ಕೊಲ್ಲೂರು, ಜಡ್ಕಲ್, ಸಿದ್ದಾಪುರ, ಹೊಸಂಗಡಿ, ಕೊಕ್ಕರ್ಣೆಯ ಒಳಗಡೆ ಎರಡು ಮೂರು ಮನೆಗಳಷ್ಟೇ ಇರುವ ಕಡೆ ಆರು ವರ್ಷದ ಮಗುವನ್ನು ಮುಂಜಾನೆ ಮಸೀದಿಯಿರುವ ಪೇಟೆಗೆ ಕಳಿಸುವುದು ಆಗದ ಮಾತು. ಹಾಸ್ಟೆಲ್‌ನಲ್ಲಿರುವ ಮಕ್ಕಳಿದ್ದಾರೆ. ಎಸ್ಸೆಸ್ಸೆಲ್ಸಿಗೆ ಬಂದ ಮೇಲೆ ಬೆಳಗಿನ ಟ್ಯೂಷನ್ ಕಾರಣಕ್ಕೆ ಮದ್ರಸ ಬಿಟ್ಟವರಿದ್ದಾರೆ. ಸಣ್ಣಂದಿನಲ್ಲಿ ಓದು ನಿಂತುಹೋಗಿ ಈಗ ಮಕ್ಕಳ ಜೊತೆ ಕಲಿಯಬೇಕೆನ್ನುವ ತಾಯಂದಿರಿದ್ದಾರೆ. ಇವರಿಗೆ ಆನ್‌ಲೈನ್ ನಿಜವಾದ ಉಪಕಾರ. ಜೂನ್‌ನಿಂದ ಆಗಸ್ಟ್‌ವರೆಗೆ ರೆಡ್ ಅಲರ್ಟ್ ಎಂದು ಜಿಲ್ಲಾಧಿಕಾರಿ ರಜೆ ಕೊಟ್ಟ ದಿನಗಳಲ್ಲಿ ಮದ್ರಸಕ್ಕೆ ಹೋಗುವ ಮಕ್ಕಳಿಗೂ ಅದು ಬೇಕಾಗುತ್ತದೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುತ್ತದೆ. ಒಂದು ವಾರ ಸಬಕ್ (ದಿನದ ಪಾಠ) ತಪ್ಪಿದರೆ ಸಣ್ಣ ಮಕ್ಕಳು ಎರಡು ವಾರದ ಹಿಂದಕ್ಕೆ ಹೋಗುತ್ತಾರೆ.

ದನಿ ಸರಿಯಾಗಿ ಕೇಳಬೇಕು

ನಬಿಗಳ ಚರಿತ್ರೆ, ದುಆಗಳ ಅರ್ಥ, ವುಝೂವಿನ ಫರ್ಝ್‌ಗಳು, ಉಪವಾಸದ ಮಸಲೆಗಳು ಇವನ್ನು ವಿಡಿಯೊದಲ್ಲಿ ಚೆನ್ನಾಗಿಯೇ ಕಲಿಸಬಹುದು. ಚಿತ್ರ, ನಕ್ಷೆ ತೋರಿಸಿದರೆ ತರಗತಿಗಿಂತಲೂ ಚೆನ್ನಾಗಿ ತಲೆಗೆ ಹೋಗುತ್ತದೆ. ನಮಾಝಿನ ರುಕೂಅ್, ಸುಜೂದ್ ಮಾತ್ರ ಒಮ್ಮೆಯಾದರೂ ಎದುರಿಗೆ ನಿಂತು ಕಲಿಸಬೇಕು. ಕಷ್ಟ ಇರುವುದು ಕುರ್‌ಆನಿನ ಅಕ್ಷರಗಳನ್ನು ಸರಿಯಾಗಿ ಉಚ್ಚರಿಸುವ ತಜ್ವೀದ್‌ನಲ್ಲಿ.

ನಮ್ಮ ಮಕ್ಕಳ ಕಿವಿಗೆ ‘ಸೀನ್’, ‘ಸ್ವಾದ್’, ‘ಥಾ’ ಮೂರೂ ಒಂದೇ ಥರ ಕೇಳುತ್ತವೆ. ‘ಸೀನ್’, ‘ಥಾ’ಗಳ ವ್ಯತ್ಯಾಸ ಹೆಚ್ಚಾಗಿ ದನಿಯ ಮೇಲಿನ ಆವರ್ತನಗಳಲ್ಲಿ ಇರುತ್ತದೆ. ಹಳೆಯ ರೀತಿಯ ಫೋನ್ ಕರೆ ಸುಮಾರು 3,400 ಹರ್ಟ್ಜ್‌ಗಿಂತ ಮೇಲಿನದ್ದನ್ನೆಲ್ಲ ಕತ್ತರಿಸಿಯೇ ಆಚೆಗೆ ಕಳಿಸುತ್ತದೆ. ಫೋನಿನಲ್ಲಿ ಹೆಸರು ಹೇಳುವಾಗ ‘ಎಸ್’ ಮತ್ತು ‘ಎಫ್’ ಅದಲುಬದಲಾಗುವುದು ಇದೇ ಕಾರಣಕ್ಕೆ. ಉಸ್ತಾದರು ಆ ಕಡೆಯಿಂದ ‘ಸರಿ, ಮುಂದೆ ಓದು’ ಎಂದರೆ ಸರಿಯಿದೆ ಎಂದೇನೂ ಅಲ್ಲ, ತಪ್ಪು ಅವರಿಗೆ ಕೇಳಿರಲಿಕ್ಕಿಲ್ಲ. ಕರೆಗಿಂತ ವಾಟ್ಸಾಪ್ ವಾಯ್ಸ್ ಮೆಸೇಜ್ ವಾಸಿ. ನೆಟ್‌ವರ್ಕ್ ಕುಂಟಿದರೂ ದನಿ ತುಂಡಾಗುವುದಿಲ್ಲ, ಉಸ್ತಾದರು ಬೇಕಾದಲ್ಲಿ ಮತ್ತೆ ಕೇಳಬಹುದು. ರೆಕಾರ್ಡ್ ಮಾಡುವಾಗ ಫೋನ್ ಬಾಯಿಂದ ಒಂದು ಗೇಣು ದೂರ ಇರಲಿ, ಫ್ಯಾನ್ ಆಫ್ ಆಗಿರಲಿ. ತಗಡಿನ ಮಾಡಿನ ಕೆಳಗೆ ಮಳೆಗಾಲದಲ್ಲಿ ಏನೂ ಕೇಳಿಸುವುದಿಲ್ಲ, ಒಳಕೋಣೆಗೆ ಹೋಗಿ.

ನಾಲಿಗೆ ಎಲ್ಲಿ ತಾಗುತ್ತದೆ ಎಂಬುದನ್ನು ಕಣ್ಣಿನಿಂದ ನೋಡಬೇಕಾದ ಅಕ್ಷರಗಳೂ ಇವೆ. ‘ಥಾ’ ಹೇಳುವಾಗ ನಾಲಿಗೆಯ ತುದಿ ಮೇಲಿನ ಹಲ್ಲುಗಳ ಅಂಚಿಗೆ ಬರಬೇಕು, ‘ಸೀನ್’ಗೆ ಬರಬಾರದು. ವಾರಕ್ಕೆ ಒಂದೆರಡು ಸಲ ವಿಡಿಯೊ ಕರೆ ಬೇಕಾಗುವುದು ಇದಕ್ಕೇ. ಮಗುವಿನ ಮುಖದ ಮೇಲೆ ಬೆಳಕು ಬೀಳುವಂತೆ ಕಿಟಕಿಯ ಎದುರು ಕೂರಿಸಿ. ಕಿಟಕಿ ಬೆನ್ನ ಹಿಂದೆ ಇದ್ದರೆ ಉಸ್ತಾದರಿಗೆ ಕಾಣುವುದು ಕಪ್ಪು ನೆರಳು ಮಾತ್ರ. ಕನ್ನಡ ಲಿಪಿಯಲ್ಲಿ ಬರೆದ ಸೂರಾಗಳನ್ನು ನೋಡಿ ಬಾಯಿಪಾಠ ಮಾಡಿಸುವುದು ಬೇಡ. ಅದರಲ್ಲಿ ಈ ವ್ಯತ್ಯಾಸಗಳೆಲ್ಲ ಅಳಿಸಿಹೋಗುತ್ತವೆ, ಆಮೇಲೆ ತಿದ್ದುವುದು ಕಲಿಸುವುದಕ್ಕಿಂತ ಕಷ್ಟ.

ಇನ್ನೊಂದು ಸಣ್ಣ ವಿಷಯವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಮದ್ರಸದಲ್ಲಿ ಮಗು ಓದುವುದು ನಮ್ಮ ದೇಶದಲ್ಲಿ ಅಚ್ಚಾದ ಕುರ್‌ಆನ್ ಪ್ರತಿ, ಅಂದರೆ ಮುಸ್‌ಹಫ್. ಆ್ಯಪ್ ತೆರೆದರೆ ಬರುವುದು ಮದೀನಾ ಮುದ್ರಣದ ಲಿಪಿ. ಅದು 604 ಪುಟಗಳ, ಪುಟಕ್ಕೆ 15 ಸಾಲುಗಳ ಮುಸ್‌ಹಫ್. ಸುಕೂನ್ ಗುರುತು ಬೇರೆ, ಕೆಲವು ಅಲಿಫ್‌ಗಳ ಮೇಲಿನ ಚಿಹ್ನೆ ಬೇರೆ, ಪುಟ ಮುರಿಯುವ ಜಾಗ ಬೇರೆ. ನಿನ್ನೆಯವರೆಗೆ ಸರಾಗವಾಗಿ ಓದುತ್ತಿದ್ದ ಮಗು ಇಲ್ಲಿ ತಡವರಿಸುತ್ತದೆ, ತನಗೇ ಬರುವುದಿಲ್ಲ ಎಂದುಕೊಂಡು ಮುದುಡುತ್ತದೆ. ಕುರ್‌ಆನ್ ಡಾಟ್ ಕಾಮ್‌ನ ಸೆಟ್ಟಿಂಗ್ಸ್‌ನಲ್ಲಿ ‘ಇಂಡೋಪಾಕ್’ ಲಿಪಿ ಆರಿಸಿಕೊಳ್ಳಬಹುದು. ಅದಕ್ಕಿಂತ ಒಳ್ಳೆಯದು ಮಗುವಿನ ಕೈಯಲ್ಲಿ ಮದ್ರಸದ ಮುಸ್‌ಹಫನ್ನೇ ಇಡುವುದು. ಉಸ್ತಾದರ ಬಳಿಯೂ ಅದೇ ಮುದ್ರಣ ಇರಲಿ. ಮೂರನೇ ಸಾಲು ಎಂದರೆ ಇಬ್ಬರಿಗೂ ಮೂರನೇ ಸಾಲೇ ಆಗಿರಬೇಕು.

ಎಷ್ಟು ಭಾಷೆ ಒಂದು ಮಗುವಿಗೆ

ಶಿರೂರು, ಗಂಗೊಳ್ಳಿಯ ಎಷ್ಟೋ ಮನೆಗಳಲ್ಲಿ ನವಾಯತಿ, ಕುಂದಾಪುರ, ಕಂಡ್ಲೂರಿನ ಮನೆಗಳಲ್ಲಿ ಉರ್ದು, ಬ್ಯಾರಿ ಮನೆಗಳಲ್ಲಿ ಬ್ಯಾರಿ. ಬೀದಿಯಲ್ಲಿ ಆಡುವಾಗ ಕುಂದಾಪ್ರ ಕನ್ನಡ. ಶಾಲೆಯಲ್ಲಿ ಪುಸ್ತಕದ ಕನ್ನಡ, ಇಲ್ಲವೇ ಇಂಗ್ಲಿಷ್. ಮದ್ರಸದ ಪಠ್ಯ ಉರ್ದುವಿನಲ್ಲಿ ಅಥವಾ ಅರಬಿ-ಮಲಯಾಳಂ ಲಿಪಿಯಲ್ಲಿ. ಕುರ್‌ಆನ್ ಅರಬಿಯಲ್ಲಿ. ಮದ್ರಸದಲ್ಲಿ ಉಸ್ತಾದರು ಮಗುವಿನ ಮುಖ ನೋಡಿ, ಅರ್ಥವಾಗದ್ದನ್ನು ಮನೆಮಾತಿಗೆ ಹೊರಳಿಸುತ್ತಾರೆ. ಯೂಟ್ಯೂಬ್‌ನ ಪಾಠಕ್ಕೆ ಆ ಮುಖ ಕಾಣುವುದಿಲ್ಲ. ಮಲಯಾಳಂ ಪಾಠವನ್ನು ಅರ್ಧಂಬರ್ಧ ಕೇಳಿ ‘ನಂಗ್ ಬತ್ತಿಲ್ಲೆ’ ಎಂದು ಎದ್ದುಹೋಗುವ ಹುಡುಗನನ್ನು ಸೋಮಾರಿ ಎಂದು ಬೈದು ಪ್ರಯೋಜನವಿಲ್ಲ.

ಹಾಗಾಗಿ ಕ್ಲಾಸು ಆರಿಸುವಾಗ ಮೊದಲು ಕೇಳಬೇಕಾದದ್ದು ವಿವರಣೆ ಯಾವ ಭಾಷೆಯಲ್ಲಿ ಎಂದು. ಓದುವುದು ಅರಬಿಯಲ್ಲಿ, ತಿಳಿಯುವುದು ಮಗು ಕನಸು ಕಾಣುವ ಭಾಷೆಯಲ್ಲಿ ಆಗಬೇಕು. ಹೈಸ್ಕೂಲು ಮಕ್ಕಳಿಗೆ ಕನ್ನಡದಲ್ಲಿ ಸಾಮಗ್ರಿಗೇನೂ ಬರವಿಲ್ಲ. ಮಂಗಳೂರಿನ ಶಾಂತಿ ಪ್ರಕಾಶನದ ಪುಸ್ತಕಗಳಿವೆ, ಅಬ್ದುಸ್ಸಲಾಮ್ ಪುತ್ತಿಗೆಯವರ ಕುರ್‌ಆನ್ ಕನ್ನಡ ಅನುವಾದವಿದೆ. ಭಟ್ಕಳದ ಮೌಲಾನಾ ಅಬುಲ್ ಹಸನ್ ಅಲಿ ನದ್ವಿ ಇಸ್ಲಾಮಿಕ್ ಅಕಾಡೆಮಿ ಶಾಲಾ ಮಕ್ಕಳಿಗೆಂದೇ ಇಸ್ಲಾಮಿಯಾತ್ ಪಠ್ಯ ರೂಪಿಸಿದೆ. ಯಾವುದನ್ನು ಓದಿಸಬೇಕೆಂದು ನಿಮ್ಮ ಜಮಾಅತ್‌ನ ಉಸ್ತಾದರನ್ನು ಕೇಳಿಯೇ ಮುಂದುವರಿಯಿರಿ. ಮನೆಯಲ್ಲಿ ಒಂದು ಮದ್ಹಬ್, ಫೋನಿನಲ್ಲಿ ಇನ್ನೊಂದು ಎಂದಾದರೆ ಮಗು ಗೊಂದಲಕ್ಕೆ ಬೀಳುತ್ತದೆ. ಶಾಫಿಈ ಮನೆಯ ಮಗು ಹನಫೀ ಪಾಠ ನೋಡಿ ‘ನಾವು ತಪ್ಪು ಮಾಡ್ತಿದ್ದೇವಾ?’ ಎಂದು ಕೇಳಿದರೆ, ಎರಡೂ ಸರಿಯಾದ ದಾರಿಗಳೇ ಎಂದು ನಿಧಾನವಾಗಿ ಹೇಳಿಕೊಡಿ.

ಮನಸ್ಸು ಬರುವುದು ಹೇಗೆ

ಸುಮಾರು 800 ವರ್ಷ ಹಿಂದೆ ಬುರ್ಹಾನುದ್ದೀನ್ ಝರ್ನೂಜಿ ಬರೆದ ‘ತಅಲೀಮುಲ್ ಮುತಅಲ್ಲಿಮ್’ ಗ್ರಂಥ ವಿದ್ಯಾರ್ಥಿಗಳಿಗಾಗಿಯೇ ಇರುವಂಥದ್ದು. ಮಲಬಾರಿನ ದರ್ಸ್‌ಗಳಲ್ಲಿ ಇಂದಿಗೂ ಓದಿಸುತ್ತಾರೆ. ಹೊಸಬನಿಗೆ ಮೊದಲ ಪಾಠ ಎರಡು ಸಲ ಓದಿದರೆ ನೆನಪಿನಲ್ಲಿ ನಿಲ್ಲುವಷ್ಟೇ ಇರಬೇಕು, ದಿನಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಬೇಕು ಎಂಬುದು ಅವರು ಕೊಡುವ ಲೆಕ್ಕ. ಆರಂಭದಲ್ಲೇ ಹತ್ತು ಸಲ ಓದಬೇಕಾದಷ್ಟು ಹೊರಿಸಿದರೆ ಕೊನೆಯವರೆಗೂ ಹತ್ತು ಸಲ ಓದುವುದೇ ಚಾಳಿಯಾಗುತ್ತದೆ ಎನ್ನುತ್ತಾರೆ. ಆನ್‌ಲೈನ್ ಕ್ಲಾಸುಗಳಿಗೆ ಇದಕ್ಕಿಂತ ಒಳ್ಳೆಯ ಸೂತ್ರ ನನಗೆ ಸಿಕ್ಕಿಲ್ಲ. ಝೂಮ್‌ನ ಉಚಿತ ಕರೆ 40 ನಿಮಿಷಕ್ಕೆ ನಿಲ್ಲುತ್ತದೆ ಎಂದು ಕೆಲವರು ಬೇಸರಪಡುತ್ತಾರೆ. ಹತ್ತು ವರ್ಷದೊಳಗಿನ ಮಗುವಿಗೆ ಅದರ ಅರ್ಧ ಸಾಕು.

ಅಳತೆ ಹೀಗಿರಬಹುದು. ಕುರ್‌ಆನಿನ ಕೊನೆಯ ಭಾಗವಾದ ಮೂವತ್ತನೇ ಜುಝ್‌ನಲ್ಲಿ 37 ಸೂರಾಗಳಿವೆ. ಹಿಂದಿನಿಂದ ಆರಂಭಿಸಿ: ನಾಸ್ ಆರು ಆಯತ್, ಫಲಕ್ ಐದು, ಇಖ್ಲಾಸ್ ನಾಲ್ಕು, ಕೌಸರ್ ಮೂರು. ದಿನಕ್ಕೆ ಒಂದೇ ಆಯತ್ ಕಲಿತರೂ ಸಣ್ಣ ಸೂರಾ ಒಂದು ವಾರದೊಳಗೆ ಮುಗಿಯುತ್ತದೆ. ಮುಗಿಸಿದ್ದೇನೆ ಎಂಬ ಸಂತೋಷವೇ ಮುಂದಿನದಕ್ಕೆ ಕೈ ಹಾಕಿಸುತ್ತದೆ. ಅದೇ ರಾತ್ರಿ ಇಶಾ ನಮಾಝಿನಲ್ಲಿ ಮಗು ತಾನು ಕಲಿತ ಸೂರಾವನ್ನು ಓದಲಿ. ಕಲಿತದ್ದು ಅಂದೇ ಕೆಲಸಕ್ಕೆ ಬಂದರೆ ಯಾಕೆ ಕಲಿಯಬೇಕು ಎಂಬ ಪ್ರಶ್ನೆಯೇ ಏಳುವುದಿಲ್ಲ. ಹೊಸ ಸಬಕ್‌ಗೆ ಐದು ನಿಮಿಷ ಕೊಟ್ಟರೆ ಹಳೆಯದ್ದಕ್ಕೆ ಹತ್ತು ನಿಮಿಷ ಕೊಡಿ. ಮಗುವಿಗೆ ತನ್ನ ಗಟ್ಟಿತನ ಗೊತ್ತಾಗುವುದು ಹಳೆಯದ್ದನ್ನು ಎಡವದೆ ಓದಿದಾಗ.

ಬಹುಮಾನದ ವಿಷಯದಲ್ಲಿ ಎಚ್ಚರ ಬೇಕು. 1973ರಲ್ಲಿ ಅಮೆರಿಕದ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿಸಿಕೊಂಡ ಮಕ್ಕಳು ಕೆಲವು ದಿನ ಕಳೆದ ಮೇಲೆ ತಾವಾಗಿ ಚಿತ್ರ ಬಿಡಿಸುವುದನ್ನೇ ಕಡಿಮೆ ಮಾಡಿದ್ದರು. ಹೇಳದೆ ಕೊಟ್ಟ ಪ್ರಶಸ್ತಿಯಿಂದ ಹಾಗಾಗಲಿಲ್ಲ. ಸೂರಾ ಒಂದಕ್ಕೆ ಐವತ್ತು ರೂಪಾಯಿ ಎಂದು ದರ ಕಟ್ಟಿದ ಮನೆಯಲ್ಲಿ, ದುಡ್ಡು ನಿಂತ ದಿನ ಓದೂ ನಿಲ್ಲುತ್ತದೆ. ಅದರ ಬದಲು ಕುರ್‌ಆನ್ ಒಂದು ಸುತ್ತು ಮುಗಿಸಿದ ದಿನ ನೆರೆಕರೆಯವರಿಗೆ ಸಿಹಿ ಹಂಚಿ, ಉಸ್ತಾದರನ್ನು ಮನೆಗೆ ಕರೆದು ದುಆ ಮಾಡಿಸಿ. ಎಷ್ಟು ದಿನ ಬಿಡದೆ ಓದಿದೆ ಎಂದು ಎಣಿಸುವ ಆ್ಯಪ್‌ಗಳನ್ನೂ ಅಷ್ಟಾಗಿ ನಂಬಬೇಡಿ. ಜ್ವರ ಬಂದು ಒಂದು ದಿನ ತಪ್ಪಿ ಎಣಿಕೆ ಸೊನ್ನೆಗೆ ಇಳಿದಾಗ ಬಿಟ್ಟವರು ಮತ್ತೆ ಹಿಡಿಯುವುದು ಕಡಿಮೆ.

ಹೊಡೆತ, ಗುಂಪಿನಲ್ಲಿ ಹೀಯಾಳಿಕೆ ಖಂಡಿತ ಕೂಡದು. ಗಟ್ಟಿಸಿ ಕಲಿಸಿದ ಮಗು ಉತ್ಸಾಹ ಕಳೆದುಕೊಳ್ಳುತ್ತದೆ, ಸುಳ್ಳು ಹೇಳಲು ಕಲಿಯುತ್ತದೆ ಎಂದು ಇಬ್ನ್ ಖಲ್ದೂನ್ 1377ರ ‘ಮುಕದ್ದಿಮಾ’ದಲ್ಲಿಯೇ ಬರೆದಿದ್ದಾರೆ. ವಾಟ್ಸಾಪ್ ಗುಂಪಿನಲ್ಲಿ ‘ಇಂದು ಸಬಕ್ ಕಳಿಸದವರು’ ಎಂದು ಹೆಸರಿನ ಪಟ್ಟಿ ಹಾಕುವುದು ಕೂಡ ಹೊಡೆತವೇ. ಆ ಪಟ್ಟಿಯನ್ನು ಊರಿನ ಎಲ್ಲ ತಾಯಂದಿರೂ ನೋಡುತ್ತಾರೆ. ತಪ್ಪನ್ನು ಮಗುವಿಗೆ ಖಾಸಗಿಯಾಗಿ ಹೇಳಿ, ಮೆಚ್ಚುಗೆಯನ್ನು ಗುಂಪಿನಲ್ಲಿ ಹಾಕಿ.

ಹೈಸ್ಕೂಲು ಮುಟ್ಟಿದ ಹೆಣ್ಣುಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕು. ತಿಂಗಳಿನ ಆ ದಿನಗಳಲ್ಲಿ ಅವರು ಕುರ್‌ಆನ್ ಓದುವುದಿಲ್ಲ. ಗುಂಪಿನಲ್ಲಿ ಉಸ್ತಾದರು ‘ಯಾಕೆ ಕಳಿಸಲಿಲ್ಲ?’ ಎಂದು ಕೇಳಿದರೆ ಹುಡುಗಿ ಏನು ಹೇಳಬೇಕು? ಎಷ್ಟೋ ಹುಡುಗಿಯರು ಈ ಮುಜುಗರಕ್ಕೇ ಗುಂಪು ಬಿಡುತ್ತಾರೆ, ಆಸಕ್ತಿ ಇಲ್ಲ ಎಂಬ ಹೆಸರು ಮಾತ್ರ ಅವರಿಗೆ ಬರುತ್ತದೆ. ಪರಿಹಾರ ಸುಲಭವಿದೆ. ಈ ವಯಸ್ಸಿನವರಿಗೆ ಆಲಿಮಾ ಒಬ್ಬರು ಕಲಿಸಲಿ, ಕಾರಣ ಕೇಳದ ರಜೆ ಇರಲಿ. ಆ ದಿನಗಳಿಗೆಂದು ಚರಿತ್ರೆ ಅಥವಾ ಫಿಕ್ಹ್ ಪಾಠವನ್ನು ಮೊದಲೇ ತೆಗೆದಿಟ್ಟರೆ ಕಲಿಕೆಯ ಎಳೆ ಕಡಿಯುವುದಿಲ್ಲ.

ದೊಡ್ಡ ಹುಡುಗರಿಗೆ ಆಯ್ಕೆ ಬಿಟ್ಟುಕೊಡಿ. ಹದಿನಾರರ ಹುಡುಗನಿಗೆ ಕಾಯಿದಾ ಹುಡುಗರ ಸಾಲಿನಲ್ಲಿ ಕೂರುವುದು ಅವಮಾನ. ಯಾವ ಸೂರಾದ ಅರ್ಥ ಓದಬೇಕು, ವಾರದ ಯಾವ ದಿನ ಎಂದು ಅವನೇ ಹೇಳಲಿ. ಸಾಲ, ಬಡ್ಡಿ, ಇನ್‌ಸ್ಟಾಗ್ರಾಮ್, ಗೆಳೆತನದ ಬಗ್ಗೆ ಅವನಿಗೆ ನಿಜವಾದ ಪ್ರಶ್ನೆಗಳಿರುತ್ತವೆ. ಅವನ್ನು ಕೇಳಿಸಿಕೊಳ್ಳುವ ಅರ್ಧ ಗಂಟೆಯನ್ನು ಉಸ್ತಾದರು ವಾರಕ್ಕೊಮ್ಮೆ ಇಟ್ಟರೆ ಅವನು ತಾನಾಗಿ ಬರುತ್ತಾನೆ.

ಉಸ್ತಾದರ ಹೊತ್ತಿನ ಲೆಕ್ಕ

ಜಮಾಅತ್ ಕಮಿಟಿಗಳು ಇದನ್ನು ಗಮನಿಸಬೇಕು. ನಲವತ್ತು ಮಕ್ಕಳು ದಿನಕ್ಕೆ ಎರಡು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿದರೆ ಬರೀ ಕೇಳುವುದಕ್ಕೇ 80 ನಿಮಿಷ ಬೇಕು, ತಿದ್ದಿ ಉತ್ತರಿಸುವುದಕ್ಕೆ ಇನ್ನಷ್ಟು. ಬೆಳಿಗ್ಗೆ ಮದ್ರಸ, ಐದು ಹೊತ್ತಿನ ಇಮಾಮತ್, ನಡುವೆ ಮನೆಗಳ ದುಆ ಮುಗಿಸಿ ಬರುವ ಮನುಷ್ಯ ಇದನ್ನು ತಿಂಗಳುಗಟ್ಟಲೆ ಮಾಡಲಾರ. ಮೊದಲ ವಾರ ಎಲ್ಲದಕ್ಕೂ ‘ಮಾಶಾ ಅಲ್ಲಾಹ್’ ಬರುತ್ತದೆ, ಎರಡನೇ ವಾರ ಹೆಬ್ಬೆರಳಿನ ಗುರುತು, ಮೂರನೇ ವಾರ ಅದೂ ಇಲ್ಲ. ಕೇಳುವವರಿಲ್ಲ ಎಂಬುದು ಮಗುವಿಗೆ ದೊಡ್ಡವರಿಗಿಂತ ಬೇಗ ಗೊತ್ತಾಗುತ್ತದೆ.

ದಿನಕ್ಕೆ ಎಂಟು ಮಕ್ಕಳಂತೆ ಹಂಚಿ. ವಾರದ ಐದು ದಿನಗಳಲ್ಲಿ ನಲವತ್ತೂ ಮಕ್ಕಳ ಓದು ಉಸ್ತಾದರ ಕಿವಿಗೆ ಬೀಳುತ್ತದೆ, ದಿನಕ್ಕೆ ಅರ್ಧ ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ಉಳಿದ ದಿನಗಳಲ್ಲಿ ಏಳನೇ, ಹತ್ತನೇ ತರಗತಿ ಮುಗಿಸಿದ ಹಿರಿಯ ವಿದ್ಯಾರ್ಥಿಗಳು ತಲಾ ನಾಲ್ವರು ಕಿರಿಯರ ಸಬಕ್ ಕೇಳಲಿ. ಕೇಳುವ ಹುಡುಗನ ಓದೂ ಅದರಿಂದ ತಿದ್ದಿಕೊಳ್ಳುತ್ತದೆ. ಉಸ್ತಾದರ ಡೇಟಾ ಖರ್ಚು, ಸಾಧ್ಯವಾದರೆ ಒಂದು ಒಳ್ಳೆಯ ಇಯರ್‌ಫೋನ್ ಕಮಿಟಿಯ ಲೆಕ್ಕದಲ್ಲಿ ಹೋಗಲಿ. ರಾತ್ರಿ ಒಂಬತ್ತರ ನಂತರ ಗುಂಪು ಮುಚ್ಚಿರಲಿ. ಹೆಚ್ಚುವರಿ ಕೆಲಸಕ್ಕೆ ಸಂಬಳದಲ್ಲೂ ಹೆಚ್ಚು ಕೊಡುವುದು ನ್ಯಾಯ, ಈ ಮಾತನ್ನು ಅವರಾಗಿ ಕೇಳುವವರೆಗೆ ಕಾಯಬಾರದು.

ಮಗುವಿನ ಸುರಕ್ಷೆ

ಫೇಸ್‌ಬುಕ್‌ನಲ್ಲಿ ಕಂಡ ಜಾಹೀರಾತು ನೋಡಿ ಗುರುತಿಲ್ಲದ ಟ್ಯೂಟರ್ ಬಳಿ ಮಗುವನ್ನು ಒಂಟಿಯಾಗಿ ಕೂರಿಸಬೇಡಿ. ಕಲಿಸುವವರು ಎಲ್ಲಿ ಓದಿದವರು, ಯಾವ ಮಹಲ್ಲಿನಲ್ಲಿ ಕೆಲಸ ಮಾಡಿದವರು ಎಂದು ವಿಚಾರಿಸಿ. ಒಬ್ಬರಿಗೊಬ್ಬರು ನಡೆಸುವ ಕ್ಲಾಸಾದರೆ ಫೋನ್ ಚಾವಡಿಯಲ್ಲೇ ಇರಲಿ, ದನಿ ಸ್ಪೀಕರ್‌ನಲ್ಲಿರಲಿ, ಸಂದೇಶಗಳು ತಾಯಿ ತಂದೆಯ ನಂಬರಿಗೇ ಬರಲಿ. ಮಗುವಿನ ವಿಡಿಯೊವನ್ನು ಪ್ರಚಾರಕ್ಕೆ ಬಳಸಲು ಅನುಮತಿ ಕೇಳಿದರೆ ಬೇಡ ಎನ್ನಲು ಸಂಕೋಚ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ವರ್ಷದೊಳಗಿನವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ. ಏನಾದರೂ ಅನುಚಿತ ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಕಲಿಸುವವರ ಉಡುಪು, ಬಿರುದು ನೋಡಿ ಹಿಂಜರಿಯಬೇಡಿ.

ಸಮಯದ ಬಗ್ಗೆ ಒಂದು ಮಾತು. ಹಿಜರಿ ವರ್ಷ ಸುಮಾರು ಹನ್ನೊಂದು ದಿನ ಚಿಕ್ಕದಾದ್ದರಿಂದ, ಶವ್ವಾಲ್‌ನಲ್ಲಿ ಹೊಸ ತರಗತಿ ಆರಂಭಿಸುವ ಮದ್ರಸಗಳ ಪರೀಕ್ಷೆ ವರ್ಷದಿಂದ ವರ್ಷಕ್ಕೆ ಹಿಂದಕ್ಕೆ ಸರಿಯುತ್ತದೆ. ಈಗಿನ ವರ್ಷಗಳಲ್ಲಿ ಅದು ಶಾಲೆಯ ವಾರ್ಷಿಕ ಪರೀಕ್ಷೆಯ ಆಸುಪಾಸಿಗೆ ಬಂದಿದೆ. ಆ ತಿಂಗಳುಗಳಲ್ಲಿ ಹೊಸ ಸಬಕ್ ನಿಲ್ಲಿಸಿ ಹಳೆಯದ್ದನ್ನು ಮಾತ್ರ ಹತ್ತು ನಿಮಿಷ ಓದಿಸಿದರೆ ಎರಡೂ ಕಡೆ ಮಗು ಸೋಲುವುದಿಲ್ಲ.

ಕಡೆಯದಾಗಿ ದೂರದಲ್ಲಿರುವ ತಂದೆಯರಿಗೆ. ಬೋಟಿಗೆ ಹೋಗುವವರು ಜೂನ್, ಜುಲೈನ ಮೀನುಗಾರಿಕೆ ನಿಷೇಧದ 61 ದಿನ ಮನೆಯಲ್ಲೇ ಇರುತ್ತೀರಿ. ಆಗ ಮಗುವಿನ ಓದು ಕೇಳುವ ಹೊಣೆ ನಿಮ್ಮದಾಗಲಿ. ನಿಮಗೆ ತಜ್ವೀದ್ ಗೊತ್ತಿರಲೇಬೇಕೆಂದಿಲ್ಲ. ತಿದ್ದಲು ಉಸ್ತಾದರಿದ್ದಾರೆ, ನೀವು ಕೂತು ಕೇಳಿದರೆ ಸಾಕು. ಸೌದಿಯಲ್ಲಿ ಇರುವವರಿಗೆ ಶುಕ್ರವಾರ ರಜೆ. ಮಗ್ರಿಬ್ ನಮಾಝ್ ಮುಗಿದು ಕುಂದಾಪುರದಲ್ಲಿ ಏಳು ಗಂಟೆ ಆಗುವಾಗ ದಮ್ಮಾಮ್‌ನಲ್ಲಿ ನಾಲ್ಕೂವರೆ. ಊಟದ ಬಗ್ಗೆ, ಮಾರ್ಕಿನ ಬಗ್ಗೆ ವಿಚಾರಿಸುವ ಮೊದಲು ಆ ವಾರ ಕಲಿತ ಸೂರಾವನ್ನು ಓದಲು ಮಗುವಿಗೆ ಹೇಳಿ, ಮುಗಿಯುವವರೆಗೆ ಫೋನ್ ಇಡಬೇಡಿ. ಮುಂದಿನ ಶುಕ್ರವಾರದಿಂದಲೇ ಶುರು ಮಾಡಿ.